ಕೌಜಲಗಿಯ ಕತ್ತಲೆ ಫೋಟೋಗಳು

ನನ್ನ ಹದಿನಾಲ್ಕನೆಯ ವಯಸ್ಸಿನಲ್ಲಿ ಅಪ್ಪ ಪರರ ಮುಂದೆ ನನ್ನ ಮೇಲೊಂದು ತಪ್ಪು ಹೊರಿಸಿದ. ಅದು ನನ್ನ ತಪ್ಪಾಗಿರಲಿಲ್ಲ. ಈಗ ನನಗೆ ನಲವತ್ತು ಹತ್ತಿರವಾಗುತ್ತಿದೆ, ಹುಕ್ಕೇರಿಯಲ್ಲಿ ಸ್ವಂತ ಫೋಟೋ ಅಂಗಡಿ ಇದೆ, ಇಬ್ಬರಿಗೆ ಪಗಾರ ಕೊಡುತ್ತೇನೆ. ಆದರೂ ಆ ಮಾತು ನೆನಪಾದರೆ ಕಿವಿ ಬಿಸಿಯಾಗುತ್ತದೆ. ನಮ್ಮ ಊರಿನವರು ಎಲ್ಲಿ ಸಿಕ್ಕರೂ ಅಪ್ಪನನ್ನು ಹೊಗಳುತ್ತಾರೆ. ಸಾಬೂನಿನ ಡಬ್ಬಿಯಷ್ಟು ಕ್ಯಾಮೆರಾದಲ್ಲಿ ಎಂಥ ಬೆಳಕು ತರುತ್ತಿದ್ದ ಮನುಷ್ಯ ಎನ್ನುತ್ತಾರೆ. ನಾನು ಹೂಂ ಎನ್ನುತ್ತೇನೆ. ಆ ಬೆಳಕನ್ನು ತೋಳು ಸೋಲುವವರೆಗೆ ಎತ್ತಿ ಹಿಡಿದವರು ಯಾರು, ಮೊದಲ ಸಲ ಅದು ಕೈಕೊಟ್ಟಾಗ ಏಟು ತಿಂದವರು ಯಾರು ಎಂದು ಒಬ್ಬರೂ ಕೇಳುವುದಿಲ್ಲ. ಸಿಟ್ಟು ಆರಿದ ಮೇಲೆ ಬರೆಯೋಣ ಎಂದು ಬಹಳ ವರ್ಷ ಕಾದೆ. ಆರುವ ಲಕ್ಷಣ ಕಾಣಲಿಲ್ಲ, ಹಾಗಾಗಿ ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ.

ಕಲ್ಲೋಳಿಯ ನಮ್ಮ ಮನೆ ಒಂದರ ಹಿಂದೊಂದು ಮೂರು ಕೋಣೆಯದು. ರಸ್ತೆಗೆ ಮುಖ ಮಾಡಿದ ಪಡಸಾಲೆಯೇ ಅಪ್ಪನ ಸ್ಟುಡಿಯೋ. ಅದರ ಗೋಡೆಗೆ ಗೋಕಾಕದ ಜಲಪಾತದ ಚಿತ್ರವಿದ್ದ ಪರದೆ. ಬರೆದ ಪುಣ್ಯಾತ್ಮ ನೀರಿಗೆ ಅಚ್ಚ ನೀಲಿ ಬಳಿದಿದ್ದ. ಮಳೆಗಾಲದಲ್ಲಿ ಅಲ್ಲಿ ಧುಮುಕುವ ಕೆಂಪು ನೀರು ನೋಡಿದ್ದ ನಮಗೆ ಅದು ಯಾವ ಊರಿನ ಜಲಪಾತವೋ ಎಂದು ನಗು ಬರುತ್ತಿತ್ತು. ಹೊಸದಾಗಿ ಮದುವೆಯಾದವರು ಮಾತ್ರ ಅದರ ಮುಂದೆಯೇ ನಿಲ್ಲಬೇಕೆಂದು ಹಟ ಹಿಡಿಯುತ್ತಿದ್ದರು. ಪಡಸಾಲೆಯ ಹಿಂದೆ ನಡುಮನೆ, ಅಲ್ಲಿ ಊಟ, ನಿದ್ದೆ, ಜಗಳ ಮೂರೂ ನಡೆಯುತ್ತಿದ್ದವು. ಅದರ ಆಚೆ ಅಡುಗೆಮನೆ. ಅಡುಗೆಮನೆಯ ಮಗ್ಗುಲಿಗೆ ಕಿಟಕಿಯಿಲ್ಲದ ಗೂಡಿನಂಥ ಒಂದು ಜಾಗವಿತ್ತು. ಅಪ್ಪ ಹಿಂದೆ ಅಲ್ಲಿ ಕಪ್ಪು-ಬಿಳುಪು ಫಿಲ್ಮು ತೊಳೆಯುತ್ತಿದ್ದ. ಬಣ್ಣದ ಕಾಲ ಬಂದ ಮೇಲೆ ಅವ್ವ ಅದರಲ್ಲಿ ಜೋಳದ ಚೀಲ ಇಟ್ಟಳು, ಆದರೂ ನಾವೆಲ್ಲ ಅದನ್ನು ಕತ್ತಲಕೋಣೆ ಎಂದೇ ಕರೆಯುತ್ತಿದ್ದೆವು. ಮನೆಯಲ್ಲಿದ್ದವರು ನಾಲ್ವರು. ಅಪ್ಪ, ಅವ್ವ, ನಾನು, ಮತ್ತು ಅಪ್ಪನ ತಮ್ಮ ಯಲ್ಲಪ್ಪ ಕಾಕಾ. ಕಾಕಾನಿಗೆ ಆಗಿನ್ನೂ ಮದುವೆಯಾಗಿರಲಿಲ್ಲ. ಗೋಕಾಕದ ಒಬ್ಬರ ಟೆಂಪೋ ಓಡಿಸುತ್ತಿದ್ದ, ಎರಡು ದಿನಕ್ಕೊಮ್ಮೆ ಮನೆಗೆ ಬರುತ್ತಿದ್ದ.

ಅಪ್ಪನಿಗೆ ಬೆಳಕಿನ ಬಗ್ಗೆ ಇದ್ದ ತಾಳ್ಮೆ ಮನುಷ್ಯರ ಬಗ್ಗೆ ಇರಲಿಲ್ಲ. ಒಂದು ಮಗುವಿನ ಮುಖದ ಮೇಲೆ ಕಿಟಕಿಯ ಬೆಳಕು ಸರಿಯಾಗಿ ಬೀಳಲಿ ಎಂದು ಅರ್ಧ ತಾಸು ಮಂಡಿಯೂರಿ ಕಾಯುತ್ತಿದ್ದ ಮನುಷ್ಯ, ಪಲ್ಲೆಯಲ್ಲಿ ಉಪ್ಪು ತುಸು ಹೆಚ್ಚಾದರೆ ತಾಟು ದೂಡಿ ಏಳುತ್ತಿದ್ದ. ಅವ್ವ ಬೇರೆ ಪಲ್ಲೆ ಮಾಡುತ್ತಿದ್ದಳು. ಉಪ್ಪು ಹೆಚ್ಚಾಗಿಲ್ಲ ಎಂದು ಅವಳು ಒಂದು ದಿನವೂ ಹೇಳಿದ್ದು ನಾನು ಕೇಳಲಿಲ್ಲ. ಅದೇ ಪಲ್ಲೆಯನ್ನು ಆಮೇಲೆ ನಾವಿಬ್ಬರೂ ತಿನ್ನುತ್ತಿದ್ದೆವು, ಉಪ್ಪು ಸರಿಯಾಗೇ ಇರುತ್ತಿತ್ತು. ಅಪ್ಪನ ಬಗ್ಗೆ ನನಗೆಷ್ಟು ಸಿಟ್ಟಿದೆಯೋ, ಅವ್ವನ ಆ ಎರಡನೆಯ ಪಲ್ಲೆಯ ಬಗ್ಗೆಯೂ ಅಷ್ಟೇ ಇದೆ.

ನಡುಮನೆಯ ದೇವರ ಮಾಡದ ಕೆಳಗಿನ ಹಲಗೆಯ ಮೇಲೆ ಅಪ್ಪನ ಎರಡು ಹಳೆಯ ಫ್ಲ್ಯಾಶುಗಳು ಇರುತ್ತಿದ್ದವು. ಫಿಲ್ಮಿನ ಕಾಲದವು, ಒಂದೊಂದೂ ಅರ್ಧ ಇಟ್ಟಿಗೆಯಷ್ಟು ದಪ್ಪ. ವರ್ಷವರ್ಷ ದಸರೆಯ ಖಂಡೇಪೂಜೆಗೆ ಹಚ್ಚಿದ ಕುಂಕುಮ ಅವುಗಳ ಸಂದಿಯೊಳಗೆ ಹೊಕ್ಕು ಕಪ್ಪಾಗಿತ್ತು. ಅವಕ್ಕೆ ನಾಲ್ಕು ನಾಲ್ಕು ಸೆಲ್ಲು ಹಾಕಬೇಕು. ಸೋತ ಸೆಲ್ಲುಗಳನ್ನು ಮಾಳಿಗೆಯ ಮೇಲೆ ಬಿಸಿಲಿಗಿಟ್ಟರೆ ಮತ್ತೆ ಜೀವ ಬರುತ್ತದೆಂದು ಅಪ್ಪ ನಂಬಿದ್ದ, ಹಾಗೆ ಇಡುವುದು ಮತ್ತು ಮಧ್ಯಾಹ್ನ ತಿರುವಿ ಹಾಕುವುದು ನನ್ನ ಕೆಲಸ. ಅವ್ವ ಪಕ್ಕದಲ್ಲೇ ಹಪ್ಪಳ ಒಣಹಾಕುತ್ತಿದ್ದಳು. ಫ್ಲ್ಯಾಶಿನ ಗುಂಡಿ ಒತ್ತಿದರೆ ಒಳಗಿನಿಂದ ಸಣ್ಣ ಸಿಳ್ಳೆಯಂಥ ಸದ್ದು ಏರುತ್ತಾ ಹೋಗಿ, ಹಿಂದೆ ಕೆಂಪು ದೀಪ ಹತ್ತುತ್ತಿತ್ತು. ಆ ಸದ್ದು ಕೇಳಿದರೆ ನನಗೆ ಮೈಯೆಲ್ಲ ಕಿವಿಯಾಗುತ್ತಿತ್ತು. ಶಾಲೆಯಲ್ಲಿ ನಾನು ಹೇಳಿಕೊಳ್ಳುವಂಥ ಹುಡುಗಿಯಲ್ಲ. ಆದರೆ ಅಪ್ಪನ ಜೊತೆ ಫೋಟೋಕ್ಕೆ ಹೋಗುವವಳು ಎಂದು ನಾಲ್ಕು ಜನ ನನ್ನನ್ನು ಗುರುತಿಸುತ್ತಿದ್ದರು, ನನಗೆ ಬೇಕಾಗಿದ್ದದ್ದು ಆ ಜಾಗ ಒಂದೇ.

ಗೋಕಾಕದ ಲ್ಯಾಬಿನವರು ಫಿಲ್ಮು ತೊಳೆಯುವುದನ್ನು ವಾರಕ್ಕೊಮ್ಮೆಗೆ ಇಳಿಸಿದಾಗ ಅಪ್ಪನ ಕೆಲಸಕ್ಕೆ ಪೆಟ್ಟು ಬಿತ್ತು. ಗಿರಾಕಿಗಳು ಡಿಜಿಟಲ್ ಇದೆಯೇನು ಎಂದು ಕೇಳಿ, ಇಲ್ಲ ಎಂದರೆ ಮೂಡಲಗಿಗೆ ಹೋಗುತ್ತಿದ್ದರು. ಕಡೆಗೆ ಕಾಕಾ ಯಾರದೋ ಪರಿಚಯದಿಂದ ಒಂದು ಸಣ್ಣ ಡಿಜಿಟಲ್ ಕ್ಯಾಮೆರಾ ತಂದ. ಬೆಳ್ಳಿ ಬಣ್ಣದ್ದು, ಅಂಗೈಯಲ್ಲಿ ಮುಚ್ಚಿಹೋಗುವಂಥದು. ಅಪ್ಪ ಅದನ್ನು ತಿರುಗಿಸಿ ಮುರುಗಿಸಿ ನೋಡಿ ಕೇಳಿದ:

"ಇದಕ್ಕ ಫ್ಲ್ಯಾಶ್ ಕುಂಡ್ರಸೂ ಜಾಗಾನ ಇಲ್ಲಲ್ಲೋ ಯಲ್ಲಪ್ಪಾ?"

"ಒಳಗನ ಐತಿ ಅಣ್ಣಾ, ಸಣ್ಣದು."

ಆ ಸಣ್ಣದರ ಬೆಳಕು ಮೂರು ಮಾರು ದಾಟುತ್ತಿರಲಿಲ್ಲ. ಮುಂದೆ ಕೂತವರು ಸುಣ್ಣ ಬಳಿದವರಂತೆ, ಹಿಂದೆ ನಿಂತವರು ಇದ್ದಿಲ ಚೀಲದಂತೆ ಕಾಣುತ್ತಿದ್ದರು. ಅಪ್ಪ ಎರಡು ದಿನ ಅದನ್ನು ಮುಟ್ಟಲಿಲ್ಲ. ಮೂರನೆಯ ದಿನ ಟ್ರಂಕಿನ ತಳದಿಂದ ಎರಡು ಗಾಜಿನ ಗುಂಡಿಗಳನ್ನು ತೆಗೆದ. ಅವಕ್ಕೆ ಸ್ಲೇವ್ ಎನ್ನುತ್ತಿದ್ದರು. ಫ್ಲ್ಯಾಶಿನ ಬುಡಕ್ಕೆ ಸಿಕ್ಕಿಸಿದರೆ, ಬೇರೆ ಯಾವುದಾದರೂ ಫ್ಲ್ಯಾಶು ಮಿಂಚಿದ್ದನ್ನು ಕಂಡ ತಕ್ಷಣ ಅದು ತನ್ನ ಫ್ಲ್ಯಾಶನ್ನೂ ಹೊಡೆಸುತ್ತದೆ. ನಡುವೆ ವೈರು ಬೇಡ. ಕ್ಯಾಮೆರಾದ ಪುಟ್ಟ ಮಿಂಚು ಕರೆಯುತ್ತದೆ, ಹಳೆಯ ದೊಡ್ಡವೆರಡು ಓಗೊಡುತ್ತವೆ, ಮನೆ ತುಂಬ ಬೆಳಕು. ಇದು ಅಪ್ಪನಿಗೆ ತಾನಾಗಿ ಹೊಳೆದದ್ದು, ಯಾರೂ ಹೇಳಿಕೊಟ್ಟದ್ದಲ್ಲ. ಆ ಮಟ್ಟಿಗೆ ಜನ ಹೊಗಳುವುದು ಸುಳ್ಳಲ್ಲ.

ಪರೀಕ್ಷೆ ಅಂಗಳದಲ್ಲಿ ನಡೆಯಿತು. ಮಟಮಟ ಮಧ್ಯಾಹ್ನ. ಅವ್ವ ಮೆಟ್ಟಿಲ ಮೇಲೆ ಜೋಳ ಹಸನು ಮಾಡುತ್ತಾ ಕೂತಿದ್ದಳು. ನಾನು ಒಂದು ಫ್ಲ್ಯಾಶು ಎತ್ತಿ ಹಿಡಿದೆ, ಇನ್ನೊಂದನ್ನು ಗೋಡೆಯ ಮೇಲಿಟ್ಟೆವು. ಅಪ್ಪ ಗುಂಡಿ ಒತ್ತಿದ, ಮೂರೂ ಒಟ್ಟಿಗೆ ಹೊಡೆದವು. ಕ್ಯಾಮೆರಾದ ಹಿಂದಿನ ಪರದೆಯಲ್ಲಿ ಅವ್ವ ಲಕಲಕ ಹೊಳೆಯುತ್ತಿದ್ದಳು. ಅಪ್ಪ ನನ್ನ ಬೆನ್ನು ಚಪ್ಪರಿಸಿದ. ಬಿಸಿಲಿನಲ್ಲಿ ಫ್ಲ್ಯಾಶೇ ಇಲ್ಲದಿದ್ದರೂ ಫೋಟೋ ಹಾಗೇ ಬರುತ್ತಿತ್ತು ಎಂಬುದು ನಮ್ಮಲ್ಲಿ ಒಬ್ಬರ ತಲೆಗೂ ಹೊಳೆಯಲಿಲ್ಲ. ಮೂವತ್ತು ವರ್ಷ ಬೆಳಕಿನ ಜೊತೆ ಬದುಕಿದ ಮನುಷ್ಯನಿಗೂ ಹೊಳೆಯಲಿಲ್ಲ, ಅದನ್ನು ನೆನಪಿಟ್ಟುಕೊಳ್ಳಿ.

ಎಂಟು ದಿನಕ್ಕೆ ಕೌಜಲಗಿಯ ಒಂದು ಒಕ್ಕಲುತನದ ಮನೆಯಿಂದ ಕರೆ ಬಂತು. ಅವರ ಮಗಳು ಸುವರ್ಣಾ ಚೊಚ್ಚಲ ಬಸುರಿ, ತವರಿಗೆ ಬಂದಿದ್ದಳು, ಕುಬಸ ಇಟ್ಟುಕೊಂಡಿದ್ದರು. ನಮ್ಮ ಕಡೆ ಕುಬಸವೆಂದರೆ ಹೆಂಗಸರ ಹಬ್ಬ. ಬಸುರಿಯನ್ನು ಹಸಿರು ಸೀರೆ, ಹಸಿರು ಬಳೆಯಲ್ಲಿ ಕೂಡಿಸಿ, ಉಡಿ ತುಂಬಿ, ಆರತಿ ಎತ್ತಿ, ಸೋಬಾನ ಹಾಡುತ್ತಾರೆ. ಆ ಮನೆಯ ಅಜ್ಜಿ ಹಳೆಯ ಕಾಲದವಳು. ಗಂಡಸು ಒಳಗೆ ಕಾಲಿಡಬಾರದು, ಫೋಟೋದವನಾದರೂ ಸರಿ ಎಂದಳು. ಅಪ್ಪ ನಡುಮನೆಯ ಹೊಸ್ತಿಲಾಚೆ ನಿಂತೇ ಫೋಟೋ ತೆಗೆಯಬೇಕಾಯಿತು. ಒಂದು ಫ್ಲ್ಯಾಶನ್ನು ಕಪಾಟಿನ ಮೇಲಿಟ್ಟೆವು. ಇನ್ನೊಂದನ್ನು ಹಿಡಿದು ಹೆಂಗಸರ ನಡುವೆ ನಿಲ್ಲಲು ಒಬ್ಬಳು ಹುಡುಗಿ ಬೇಕಿತ್ತು, ಅದಕ್ಕೆ ನಾನಿದ್ದೆ. ಅವತ್ತು ನಾನಿಲ್ಲದೆ ಅಪ್ಪನ ಕೆಲಸ ನಡೆಯುವಂತಿರಲಿಲ್ಲ. ಆ ಗರ್ವ ನನ್ನ ಮುಖದ ಮೇಲೆ ಕಾಣುತ್ತಿತ್ತೋ ಏನೋ, ಸುವರ್ಣಾ ನನ್ನನ್ನು ನೋಡಿ ನಕ್ಕಳು.

ಆ ನಡುಮನೆಗೆ ಇದ್ದದ್ದು ಒಂದೇ ಬಲ್ಬು. ಅಪ್ಪ ಮೊದಲ ಫೋಟೋ ತೆಗೆದ. ಮೂರೂ ಫ್ಲ್ಯಾಶು ಕಣ್ಣು ಕುಕ್ಕುವಂತೆ ಹೊಡೆದವು, ಅಜ್ಜಿ "ಅಯ್ಯ ನನ್ನ ಕಣ್ಣ" ಎಂದು ಸೆರಗು ಮುಚ್ಚಿಕೊಂಡಳು. ಅಪ್ಪ ಪರದೆ ನೋಡಿ ಹುಬ್ಬು ಗಂಟಿಕ್ಕಿದ. ಫೋಟೋ ಕತ್ತಲೆ. ಇನ್ನೊಂದು ತೆಗೆದ, ಅದೂ ಕತ್ತಲೆ. ಫ್ಲ್ಯಾಶಿನ ಜೋರು ಹೆಚ್ಚು ಮಾಡು ಎಂದ, ಮಾಡಿದೆ, ಫೋಟೋ ಇನ್ನೂ ಕಪ್ಪಾಯಿತು. ಹತ್ತಿರ ಹೋಗು ಎಂದ, ಹೋದೆ, ಮತ್ತೂ ಕಪ್ಪು. ಬೆಳಕು ಹೆಚ್ಚಿಸಿದಷ್ಟೂ ಕತ್ತಲೆ ಹೆಚ್ಚುತ್ತಿತ್ತು. ಹೊಸ್ತಿಲಾಚೆಯಿಂದ ಅಪ್ಪನ ದನಿ ಏರುತ್ತಾ ಹೋಯಿತು.

"ನೆಟ್ಟಗ ಹಿಡೀಲೇ! ಕೈಯಾಗ ಜೀವ ಇಲ್ಲೇನ ನಿನಗ?"

"ನೆಟ್ಟಗನ ಹಿಡದೇನಿ ಯಪ್ಪಾ."

"ಎದರ ಮಾತ ಬ್ಯಾರೆ!"

ಆ ಮಾತಿಗೆ ನಾನು ಫ್ಲ್ಯಾಶಿನ ಸಮೇತ ಅವನ ಕಡೆ ತಿರುಗಿದೆ. ಅದೇ ಗಳಿಗೆಗೆ ಅವನು ಗುಂಡಿ ಒತ್ತಿದ. ನನ್ನ ಕೈಯೊಳಗಿನದು ನೇರ ಅವನ ಮುಖಕ್ಕೆ ಹೊಡೆಯಿತು. "ಕಣ್ಣ ಕಳದೆಲ್ಲಾ!" ಎಂದು ಕಣ್ಣುಜ್ಜಿಕೊಂಡ. ಹಾಡುತ್ತಿದ್ದ ಹೆಂಗಸರು ಹಾಡು ನಿಲ್ಲಿಸಿ ನನ್ನನ್ನೇ ನೋಡಿದರು. ನಾನು ಎತ್ತಿದ ಕೈ ಎತ್ತಿದಂತೆಯೇ ನಿಂತೆ. ಸುವರ್ಣಾ ತನ್ನ ಉಡಿಯೊಳಗಿನ ಒಂದು ಕರಚಿಕಾಯಿ ತೆಗೆದು ನನ್ನ ಬಾಯಿಗೆ ಹಿಡಿದಳು.

"ತಿನ್ನ ತಂಗಿ. ಒಂದೀಟ ಕೈ ಇಳಸು, ಏನೂ ಆಗೂದಿಲ್ಲ."

ಬರುವಾಗ ಬಸ್ಸಿನಲ್ಲಿ ಅಪ್ಪ ನಿರಾಳವಾಗಿದ್ದ. ಫಿಲ್ಮಿನ ಕಾಲದಲ್ಲಿ ತುಸು ಕಪ್ಪಾದ ಫೋಟೋದ ಬೆಳಕನ್ನು ಪ್ರಿಂಟು ಹಾಕುವಾಗ ಲ್ಯಾಬಿನವರು ಎತ್ತಿ ಕೊಡುತ್ತಿದ್ದರು, ಅದೇ ಭರವಸೆ. ಗೋಕಾಕದಲ್ಲಿ ಎತ್ತುತ್ತಾರೆ ಬಿಡು ಎಂದ. ಅವರು ಎತ್ತಿದರು ಕೂಡ. ಸುವರ್ಣಾಳ ಹಸಿರು ಸೀರೆ ಕೆಸರಿನ ಬಣ್ಣಕ್ಕೆ ತಿರುಗಿತ್ತು, ಮುಖದ ತುಂಬ ರವೆ ಚೆಲ್ಲಿದಂತೆ ಚುಕ್ಕಿ. ನಲವತ್ತು ಫೋಟೋದಲ್ಲಿ ಒಂದೂ ಹೇಳಿಕೊಳ್ಳುವಂತಿರಲಿಲ್ಲ. ಅಪ್ಪ ಅವನ್ನೇ ಆಲ್ಬಮ್ಮಿಗೆ ಹಾಕಿ ಕಳಿಸಿಕೊಟ್ಟ.

ಮರುದಿನ ಬೆಳಿಗ್ಗೆಯೇ ಸುವರ್ಣಾಳ ತಂದೆ ಆಲ್ಬಮ್ಮು ಹಿಡಿದು ನಮ್ಮ ಪಡಸಾಲೆಗೆ ಬಂದರು. ನಾನು ಅಡುಗೆಮನೆಯಲ್ಲಿ ಅವ್ವನಿಗೆ ರೊಟ್ಟಿ ಹಿಟ್ಟು ನಾದಿಕೊಡುತ್ತಿದ್ದೆ. ಅವರ ದನಿ ಮೂರು ಕೋಣೆ ದಾಟಿ ಕೇಳುತ್ತಿತ್ತು.

"ಏನ್ರಿ ಫೋಟೋದವ್ರ, ಇದರಾಗ ನನ್ನ ಮಗಳ ಎಲ್ಲಿ ಅದಾಳ ತೋರಸ್ರಿ. ಮತ್ತೊಮ್ಮಿ ಚೊಚ್ಚಲ ಕುಬಸ ಮಾಡಾಕ ಬರತೈತೇನ್ರಿ?"

ಅಪ್ಪ ಹೇಳಿದ್ದು ನನಗೆ ಒಂದಕ್ಷರ ಬಿಡದೆ ನೆನಪಿದೆ.

"ನಂದೇನ ತಪ್ಪಿಲ್ರಿ. ನಮ್ಮ ಹುಡುಗಿ ಲೈಟ್ ಬರೋಬ್ಬರಿ ಹಿಡೀಲಿಲ್ಲ. ಏ ರೇಣಿ, ಬಾ ಇಲ್ಲೆ!"

ಹಿಟ್ಟಿನ ಕೈಯಲ್ಲೇ ಹೋದೆ. ಎಲ್ಲಿ ನೋಡಬೇಕೆಂದು ತಿಳಿಯದೆ ಪರದೆಯ ನೀಲಿ ನೀರು ನೋಡುತ್ತಾ ನಿಂತೆ. ಹಿರಿಯರ ಕಾಲು ಹಿಡಿ ಎಂದ. ನಾನು ಅಲುಗಾಡಲಿಲ್ಲ. ಕೆನ್ನೆಗೆ ಒಂದು ಬಿತ್ತು. ಬಗ್ಗಿ ಕಾಲು ಮುಟ್ಟಿದೆ, ಅವರ ಚಪ್ಪಲಿಗೆ ಹಿಟ್ಟು ಹತ್ತಿತು. ಪಾಪ, ಆ ಮನುಷ್ಯನಿಗೇ ಮುಜುಗರವಾಗಿರಬೇಕು. "ಇರಲಿ ಬಿಡ್ರಿ, ಸಣ್ಣದು" ಎಂದು ಆಲ್ಬಮ್ಮು ಅಲ್ಲೇ ಬೆಂಚಿನ ಮೇಲಿಟ್ಟು ಹೊರಟುಹೋದರು. ಅವರು ರಸ್ತೆ ದಾಟುವ ತನಕ ಕಾದು ಅಪ್ಪ ನನ್ನ ಕಡೆ ತಿರುಗಿದ.

"ಇನ್ನ ಮ್ಯಾಲ ಲೈಟ್ ಮುಟ್ಟಿದಿ ಅಂದ್ರ ಕೈ ಮುರೀತೀನಿ."

ಏಟು ಮರೆತೆ. ಹಿಂದೆಯೂ ತಿಂದಿದ್ದೆ, ಮುಂದೆಯೂ ತಿಂದೆ. ಈ ಎರಡು ಮಾತು ಮಾತ್ರ ಹೋಗಲಿಲ್ಲ. ಒಂದು, ಮಾಡದ ತಪ್ಪನ್ನು ಮಾಡಿದವಳು ಎಂದು ಕೌಜಲಗಿಯವರ ಕಣ್ಣಲ್ಲಿ ಉಳಿದೆ. ಇನ್ನೊಂದು, ನನಗಿದ್ದ ಒಂದೇ ಜಾಗವನ್ನು ಕಿತ್ತುಕೊಂಡ. ಅವ್ವ ಅರಿಶಿನ ಹಚ್ಚಲು ಬಂದಳು, ನಾನು ಕೈ ತಳ್ಳಿದೆ. "ನೀ ನೆಟ್ಟಗ ಹಿಡದಿದ್ದಿ ಅಂತ ನನಗ ಗೊತ್ತೈತಿ, ಸುಮ್ಮನಿರು" ಎಂದಳು. ಗೊತ್ತಿದ್ದರೆ ಅಲ್ಲಿ ಬಂದು ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಅವಳು ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು.

ಆ ಆಲ್ಬಮ್ಮನ್ನು ನಾನು ಕತ್ತಲಕೋಣೆಗೆ ಒಯ್ದು, ಬಾಗಿಲು ಅರ್ಧ ತೆರೆದು, ಜೋಳದ ಚೀಲದ ಮೇಲೆ ಕೂತು ಒಂದೊಂದೇ ಹಾಳೆ ತಿರುವಿದೆ. ನನ್ನ ತಪ್ಪು ಎಲ್ಲಿದೆ ನೋಡೇಬಿಡೋಣ ಎಂಬ ಹಟ. ಇಪ್ಪತ್ತೋ ಇಪ್ಪತ್ತೈದೋ ದಾಟಿದ ಮೇಲೆ ಒಂದು ಫೋಟೋದಲ್ಲಿ ನಾನೇ ಕಂಡೆ. ಕೈ ಎತ್ತಿಕೊಂಡು, ಬಾಯಿ ತೆರೆದುಕೊಂಡು, ಅಪ್ಪನ ಕಡೆಗೇ ತಿರುಗಿದ್ದೆ. ಫ್ಲ್ಯಾಶಿನ ಮುಖವೂ ನೇರ ಕ್ಯಾಮೆರಾದ ಕಡೆಗೆ. ಅದು ಅಪ್ಪನ ಕಣ್ಣಿಗೆ ಹೊಡೆದ ಗಳಿಗೆಯದು. ಹೊಡೆದದ್ದು ಇಡೀ ನಡುಮನೆಗೆ ಗೊತ್ತು. ಹಾಗಿದ್ದರೆ ಫೋಟೋದಲ್ಲಿ ಅದು ಸೂರ್ಯನಂತೆ ಬೆಳ್ಳಗೆ ಉರಿಯಬೇಕು. ಅಲ್ಲಿ ಅದರ ಗಾಜು ಬೂದಿ ಬಣ್ಣಕ್ಕಿತ್ತು. ಎಣ್ಣೆ ಮುಗಿದ ಚಿಮಣಿಯಂತೆ ತಣ್ಣಗಿತ್ತು. ನಾನು ಬಹಳ ಹೊತ್ತು ಅದನ್ನೇ ನೋಡಿದೆ. ಫ್ಲ್ಯಾಶು ಹೊಡೆದಿದೆ, ಆದರೆ ಫೋಟೋ ಬೀಳುವ ಗಳಿಗೆಗೆ ಹೊಡೆದಿಲ್ಲ. ಅದಕ್ಕಿಂತ ಮುಂಚೆಯೇ ಹೊಡೆದು ಮುಗಿಸಿದೆ. ಇದರಲ್ಲಿ ನನ್ನ ಕೈಯ ಪಾಲು ಏನೂ ಇರಲಿಲ್ಲ.

ಅವತ್ತು ಸಂಜೆ ಕಾಕಾ ಮನೆಯಲ್ಲಿದ್ದ. ಅಪ್ಪ, ಕಾಕಾ ಊಟಕ್ಕೆ ಕೂತಿದ್ದರು. ನಾನು ಫೋಟೋವನ್ನು ಅಪ್ಪನ ತಾಟಿನ ಪಕ್ಕ ಇಟ್ಟೆ.

"ಯಪ್ಪಾ, ಇಲ್ಲಿ ನೋಡು. ಲೈಟ್ ಮದಲ ಹೊಡದೈತಿ. ಫೋಟೋ ಆಮ್ಯಾಲ ಬಿದ್ದೈತಿ."

ನೋಡಿದ. ನೋಡಿದ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ತುತ್ತು ಬಾಯಿಯ ಹತ್ತಿರ ನಿಂತಿತ್ತು. ಆಮೇಲೆ ಫೋಟೋವನ್ನು ಎಡಗೈಯಿಂದ ಆಚೆ ಸರಿಸಿದ.

"ನನಗ ಕಲಸಾಕ ಬಂದಿಯೇನ? ನಡಿ ಒಳಗ!"

ಕಾಕಾ ಫೋಟೋ ಎತ್ತಿ ಜೇಬಿನಲ್ಲಿ ಇಟ್ಟುಕೊಂಡ. ಮರುದಿನ ಬೆಳಿಗ್ಗೆ ಕ್ಯಾಮೆರಾ ತೆಗೆದುಕೊಂಡು ಕತ್ತಲಕೋಣೆಗೆ ಹೋಗಿ ನನ್ನನ್ನು ಕರೆದ. ನಾನು ಫ್ಲ್ಯಾಶು ಹಿಡಿದೆ, ಅವನು ಒಂದೊಂದೇ ಗುಂಡಿ ಒತ್ತಿ, ಒಂದೊಂದೇ ಬದಲಿಸುತ್ತಾ ಹೋದ. ಇವತ್ತು ನಾನು ಅಂಗಡಿಗೆ ಬರುವ ಹುಡುಗಿಯರಿಗೆ ಇದನ್ನು ಎರಡು ಮಾತಿನಲ್ಲಿ ಹೇಳುತ್ತೇನೆ. ಆ ಸಣ್ಣ ಕ್ಯಾಮೆರಾ ಫೋಟೋ ತೆಗೆಯುವ ಮುನ್ನ ಎಷ್ಟು ಬೆಳಕು ಬೇಕೆಂದು ಅಳೆಯಲು ಒಮ್ಮೆ ಮಿಂಚುತ್ತದೆ, ಆಮೇಲೆ ಫೋಟೋಕ್ಕೆಂದು ಇನ್ನೊಮ್ಮೆ ಮಿಂಚುತ್ತದೆ. ನಮ್ಮ ಕಣ್ಣಿಗೆ ಎರಡೂ ಒಂದೇ. ಹಳೆಯ ಫ್ಲ್ಯಾಶು ಮೊದಲನೆಯದಕ್ಕೇ ಓಗೊಟ್ಟು ಬರಿದಾಗುತ್ತದೆ. ಕ್ಯಾಮೆರಾ ಆ ದೊಡ್ಡ ಬೆಳಕನ್ನು ಅಳೆದು, ಬೇಕಾದಷ್ಟಿದೆ ಎಂದು ತನ್ನದನ್ನೂ ಇಳಿಸಿಕೊಂಡು ಫೋಟೋ ತೆಗೆಯುತ್ತದೆ. ಅದಕ್ಕೇ ಜೋರು ಹೆಚ್ಚಿಸಿದಷ್ಟೂ ಕಪ್ಪು. ಅವತ್ತು ನಮಗಿಷ್ಟು ಗೊತ್ತಿರಲಿಲ್ಲ. ಕಾಕಾ ಮೆನುವಿನೊಳಗೆ ಹುಡುಕಿ ಹುಡುಕಿ ಫ್ಲ್ಯಾಶನ್ನು ಆಟೋದಿಂದ ಮ್ಯಾನ್ಯುಯಲ್‌ಗೆ ತಿರುಗಿಸಿದ. ಅಲ್ಲಿಗೆ ಅದು ಅಳೆಯುವುದನ್ನು ಬಿಟ್ಟು ಒಂದೇ ಸಲ ಮಿಂಚಿತು. ಪರದೆಯ ಮೇಲೆ ಜೋಳದ ಚೀಲದ ಒಂದೊಂದು ನೂಲೂ ಕಾಣುತ್ತಿತ್ತು.

ಕಾಕಾ ಕೂಗಿದ ಕೂಗಿಗೆ ಅಪ್ಪ ಓಡಿಬಂದ. ಫೋಟೋ ತುಸು ಹೆಚ್ಚೇ ಬೆಳ್ಳಗಾಗಿತ್ತು. ಅಪ್ಪ ಅದನ್ನು ನೋಡಿ, ಹೆಜ್ಜೆ ಹಾಕಿ ದೂರ ಅಳೆದು, ಫ್ಲ್ಯಾಶಿನ ಜೋರು ಇಳಿಸಿ, ಅವ್ವನ ಬಿಳಿ ಕರವಸ್ತ್ರವನ್ನು ಎರಡು ಮಡಿಕೆ ಮಾಡಿ ಅದರ ಮುಖಕ್ಕೆ ಕಟ್ಟಿದ. ಇಷ್ಟು ಹೆಜ್ಜೆಗೆ ಇಷ್ಟು ಬೆಳಕು ಎಂಬ ಫಿಲ್ಮಿನ ಕಾಲದ ಲೆಕ್ಕ ಅವನ ಬೆರಳ ತುದಿಯಲ್ಲಿತ್ತು. ಮುಂದಿನ ಫೋಟೋದಲ್ಲಿ ನನ್ನ ಮುಖದ ಒಂದು ಮಗ್ಗುಲು ಬೆಳಕು, ಇನ್ನೊಂದು ಮಗ್ಗುಲು ಮೆತ್ತನೆಯ ನೆರಳು. ಅಷ್ಟು ಚೆಂದದ ಫೋಟೋ ಆಮೇಲೆ ನನಗೆ ಯಾರೂ ತೆಗೆದಿಲ್ಲ. ಅವನ ಕೈ ದೊಡ್ಡದು, ಸುಳ್ಳಾಡಲಾರೆ. ಅವನು ಕಾಕಾನ ಹೆಗಲು ಹಿಡಿದು ಅಲುಗಿಸಿದ.

"ಭಲೆ! ಭಾರಿ ಶ್ಯಾಣ್ಯಾ ನೀ!"

"ನಾ ಅಲ್ಲ ಅಣ್ಣಾ. ರೇಣಿನ ಹಿಡದಾಕಿ. ನಿನ್ನಿ ನಿನಗ ಹೇಳಿದ್ಲಲ್ಲ."

"ಆತು ಆತು, ನ್ಯಾರಿ ಮಾಡೂಣು ನಡೀರಿ" ಎಂದು ಅಪ್ಪ ನಾಷ್ಟಾಕ್ಕೆ ಹೊರಟ. ನನ್ನ ಮುಖ ಕೂಡ ನೋಡಲಿಲ್ಲ.

ಹದಿನೈದು ದಿನಕ್ಕೆ ಅಂಕಲಗಿಯಲ್ಲಿ ಇನ್ನೊಂದು ಕುಬಸ ಬಂತು. ಫ್ಲ್ಯಾಶು ತಗೊಂಡು ನಡಿ ಎಂದ, ನಡುವೆ ಏನೂ ಆಗಿಲ್ಲವೇನೋ ಎಂಬಂತೆ. ನಾನು ನಡುಮನೆಯ ಕಂಬ ಹಿಡಿದು ನಿಂತೆ.

"ಕೌಜಲಗಿಗೆ ಹೋಗಿ, ತಪ್ಪ ರೇಣಿದಲ್ಲ ನಂದು ಅಂತ ಹೇಳು. ಆಮ್ಯಾಲ ಬರ್ತೀನಿ."

ಅಪ್ಪ ನನ್ನನ್ನು ಒಂದು ಥರ ನೋಡಿದ. ಬಾಯಿ ತೆರೆದ, ಮುಚ್ಚಿದ. ಹೊಡೆಯಲೂ ಇಲ್ಲ. ಅವ್ವನಿಗೆ "ನೀ ನಡಿ" ಎಂದ. ಅವ್ವ ಸೆರಗು ಸಿಕ್ಕಿಸಿ, ನನ್ನ ಫ್ಲ್ಯಾಶು ತೆಗೆದುಕೊಂಡು, ನನ್ನ ಕಣ್ಣೆದುರೇ ಅವನ ಹಿಂದೆ ಹೋದಳು. ನಾನು ಎರಡು ದಿನ ಊಟ ಬಿಟ್ಟೆ. ಅಪ್ಪ ನನ್ನೆದುರಿಗೇ ಕೂತು ರೊಟ್ಟಿಗೆ ಶೇಂಗಾಹಿಂಡಿ, ಮೊಸರು ಕಲಸಿಕೊಂಡು ಉಂಡ. ಮೂರನೆಯ ದಿನ ಹೊಟ್ಟೆ ಗೆದ್ದಿತು. ಹಟ ಮುರಿದದ್ದು ನಾನೇ. ಮುಂದಿನ ಕೆಲಸಕ್ಕೆ ಯಾರೂ ಕರೆಯದೆಯೇ ಫ್ಲ್ಯಾಶು ಎತ್ತಿಕೊಂಡು ಹೊರಟೆ, ಮದುವೆಯಾಗುವ ತನಕ ಹಿಡಿದೆ. ಆ ಬೆಳಕಿನ ಆಸೆ ನನಗೆ ಮರ್ಯಾದೆಗಿಂತ ದೊಡ್ಡದಾಗಿತ್ತು, ಇದನ್ನು ನಾಚಿಕೆಯಿಂದಲೇ ಹೇಳುತ್ತೇನೆ. ಕೌಜಲಗಿಯವರ ಲೆಕ್ಕದಲ್ಲಿ ತಪ್ಪು ನನ್ನದೇ ಎಂದುಕೊಂಡು ಇಪ್ಪತ್ತಕ್ಕೂ ಹೆಚ್ಚು ವರ್ಷ ಬದುಕಿದೆ. ಆ ಊರಿನ ಬಸ್ಸು ಹತ್ತಬೇಕಾಗಿ ಬಂದರೂ ಏನಾದರೂ ನೆಪ ಹೇಳುತ್ತಿದ್ದೆ.

ಹೋದ ವರ್ಷ ಹುಕ್ಕೇರಿಯ ನನ್ನ ಅಂಗಡಿಗೆ ಒಬ್ಬ ಹೆಂಗಸು ಮಗನನ್ನು ಕರೆದುಕೊಂಡು ಬಂದಳು. ನೌಕರಿ ಅರ್ಜಿಗೆ ಅವನ ಫೋಟೋ ಬೇಕಿತ್ತು. ನನ್ನನ್ನು ನೋಡಿದವಳು ನೋಡುತ್ತಲೇ ನಿಂತಳು.

"ನೀ ಕಲ್ಲೋಳಿ ಫೋಟೋದವ್ರ ರೇಣಿ ಅಲ್ಲ? ನಾ ಸುವರ್ಣಾ. ಕೌಜಲಗಿ ಸುವರ್ಣಾ. ಇಂವನ ನೋಡ ಆವಾಗ ಹೊಟ್ಯಾಗ ಇದ್ದಾಂವ."

ನನ್ನ ಬಾಯಿಗೆ ಮೊದಲು ಬಂದ ಮಾತೇ ಅದು. "ಅಕ್ಕಾ, ಅವತ್ತು ನಿಮ್ಮ ಫೋಟೋ ಕೆಟ್ಟಿದ್ದಕ್ಕ ತಪ್ಪ ನಂದಲ್ರಿ" ಎಂದೆ. ಅವಳಿಗೆ ಆಶ್ಚರ್ಯವಾಯಿತು.

"ಅಯ್ಯ, ಅದು ಗೊತ್ತಿಲ್ಲೇನ ನಮಗ? ನಿಮ್ಮಪ್ಪಾರು ಎಂಟ ದಿನದಾಗ ಬಂದಿದ್ರಲ್ಲ. ನಮ್ಮಪ್ಪನ ಮುಂದ ಕೈ ಮುಗದು, ತಪ್ಪ ನಂದರಿ, ಕ್ಯಾಮೆರಾ ನನಗ ತಿಳೀಲಿಲ್ಲ, ಹುಡುಗಿ ಬರೋಬ್ಬರಿನ ಹಿಡದಿತ್ತು ಅಂದ್ರು. ನನಗ ಮತ್ತ ಹಸರ ಸೀರಿ ಉಡಿಸಿ, ಒಂದ ಕೈಯಾಗ ಲೈಟ್ ಹಿಡದು ಒಂದ ಕೈಯಾಗ ಫೋಟೋ ತಗದ್ರು. ರೇಣಿ ಯಾಕ ಬರಲಿಲ್ರಿ ಅಂದ್ರ, ಸಾಲಿ ಐತಿ ಅಂದ್ರು."

ಅವಳ ಮಗನ ಫೋಟೋ ಹೇಗೆ ತೆಗೆದೆನೋ ಗೊತ್ತಿಲ್ಲ. ಅವರು ಹೋದ ಮೇಲೆ ಲೆಕ್ಕ ಹಾಕಿದೆ. ಎಂಟು ದಿನದಲ್ಲಿ ಎಂದರೆ, ಅಂಕಲಗಿಯ ಕುಬಸಕ್ಕಿಂತ ಮುಂಚೆ. ನಾನು ಕಂಬ ಹಿಡಿದು ನಿಂತಾಗ ಅವನು ಆಗಲೇ ಹೋಗಿ ಬಂದಿದ್ದ. ಹೇಳಿಬಂದೆ ಎಂಬ ಒಂದು ಮಾತು ಬಾಯಲ್ಲಿಟ್ಟುಕೊಂಡೇ, ಹಸಿದ ಮಗಳ ಮುಂದೆ ಕೂತು ಎರಡು ದಿನ ಮೊಸರು ರೊಟ್ಟಿ ಉಂಡಿದ್ದ. ತಪ್ಪೊಪ್ಪಿಕೊಳ್ಳಲು ಬಾರದ ಮನುಷ್ಯ ಎಂದುಕೊಂಡು ನಾನು ಹೇಗೋ 'ಅವನ ಸ್ವಭಾವವೇ ಹಾಗೆ' ಎಂದು ಬದುಕಿದ್ದೆ. ಬರುತ್ತಿತ್ತು. ಪರರ ಮುಂದೆ ಕೈ ಮುಗಿಯಲು ಬರುತ್ತಿತ್ತು. ಅಂಗಡಿ ಮುಚ್ಚಿ ಸೀದಾ ಗೋಕಾಕದ ಬಸ್ಸು ಹತ್ತಿದೆ.

ಕಲ್ಲೋಳಿಯ ಮನೆಯಲ್ಲಿ ಈಗ ಕಾಕಾನ ಹೆಂಡತಿ ಮಕ್ಕಳು ಸೇರಿ ಎಂಟು ಜನ. ಅಪ್ಪನಿಗೆ ಎಪ್ಪತ್ತು ದಾಟಿದೆ. ನಾನು ಹೋದಾಗ ನಡುಮನೆಯಲ್ಲಿ ಮಧ್ಯಾಹ್ನದ ಊಟಕ್ಕೆ ಕೂತಿದ್ದ. ಅವ್ವ ಬಡಿಸುತ್ತಿದ್ದಳು. ನಾನು ರೊಟ್ಟಿಬುಟ್ಟಿಯ ಪಕ್ಕ ಕೂತು ಕೇಳಿದೆ.

"ಯಪ್ಪಾ, ನೀ ಕೌಜಲಗಿಗೆ ಹೋಗಿ ತಪ್ಪ ನಂದು ಅಂತ ಹೇಳಿದ್ದಿಯಂತಲ್ಲ?"

ಯಾವ ಕೌಜಲಗಿ, ಯಾವಾಗ ಎಂದು ಅವನು ಕೇಳಲಿಲ್ಲ. ರೊಟ್ಟಿ ಮುರಿಯುತ್ತಲೇ ಇದ್ದ.

"ಹೇಳಿದ್ನಿ. ಗಿರಾಕಿ ಅಲ್ಲ ಅವ್ರು? ಹೇಳಬೇಕಲ್ಲ."

"ನನಗ ಯಾಕ ಹೇಳಲಿಲ್ಲ?"

"ನಿನಗೇನ ಹೇಳೂದು. ನೀ ಮನೀ ಮಗಳು."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಅವನಿಗೆ ಖರೆ ಅನಿಸಿದ್ದನ್ನು ಹೇಳಿದ್ದ. ಮನೆಯವರಿಗೆ ತಪ್ಪಾಯಿತು ಎನ್ನುವುದು ಉಂಟೇ ಎಂದು ನಿಜವಾಗಿ ಆಶ್ಚರ್ಯಪಟ್ಟಿದ್ದ. ನನಗೆ ತಲೆ ಕೆಟ್ಟುಹೋಯಿತು.

"ಹಂಗಾರ ಈಗ ಹೇಳು. ನನಗ ಹೇಳು."

"ಉಣ್ಣೂ ಮುಂದ ಬ್ಯಾಡವಾ ರೇಣಿ" ಎಂದಳು ಅವ್ವ.

ಅಪ್ಪ ತಾಟು ಮುಂದೆ ಮಾಡಿದ. "ರೊಟ್ಟಿ ಹಾಕು" ಎಂದ. ಅವ್ವ ಬುಟ್ಟಿಗೆ ಕೈ ಹಾಕಲು ಬಂದಳು. ನಾನು ಬುಟ್ಟಿಯನ್ನು ನನ್ನ ತೊಡೆಯ ಮೇಲೆ ಎಳೆದುಕೊಂಡೆ.

"ಮದಲ ಹೇಳು."

ಅಪ್ಪ ನನ್ನನ್ನು ನೋಡಿದ. ಕಣ್ಣು ಒದ್ದೆಯಾಗಿದ್ದವು, ಅದನ್ನೂ ಮುಚ್ಚಿಡುವುದಿಲ್ಲ. ತುಟಿ ಅಲುಗಿತು. 'ತಪ್ಪ ನಂದು' ಎಂಬ ಎರಡು ಮಾತು ಬಂದೇಬಿಟ್ಟವು ಎಂದುಕೊಂಡೆ. ಅವನು ತಾಟಿನಲ್ಲೇ ಕೈ ತೊಳೆದು, ಗೋಡೆ ಹಿಡಿದು ಎದ್ದು, ಪಡಸಾಲೆ ದಾಟಿ ಹೊರಗೆ ಹೋದ.

"ಹಸದ ಹ್ವಾದ್ರಲ್ಲೇ" ಎಂದಳು ಅವ್ವ.

ನಾನು ಇನ್ನೊಂದು ತಾಟು ತೆಗೆದುಕೊಂಡು, ಪಲ್ಲೆ ಹಾಕಿಕೊಂಡು, ಬುಟ್ಟಿಯೊಳಗಿನ ಮೂರು ರೊಟ್ಟಿಯನ್ನೂ ಉಂಡೆ.